ಲಸಿಕೆಗೆ ಹಿಂಜರಿಕೆ: ಭಯದ ಹಿಂದಿನ ಕಾರಣಗಳು

ಪಲ್ಸ್ ಪೋಲಿಯೋ ಭಾನುವಾರದಂದು ನೀವು ಮನೆಯ ಮಗುವನ್ನು ಎತ್ತಿಕೊಂಡು ಬೂತಿಗೆ ಹೋಗುತ್ತೀರಿ. ಮಗುವಿನ ಬಾಯಿಗೆ ಎರಡು ಹನಿ ಹಾಕುತ್ತಾರೆ, ಎಡಗೈಯ ಕಿರುಬೆರಳಿಗೆ ಶಾಯಿಯ ಗುರುತು ಮಾಡುತ್ತಾರೆ. ಐದು ನಿಮಿಷದ ಕೆಲಸ. ಆ ಹನಿಯೊಳಗೆ ಏನಿದೆ, ಅದನ್ನು ಎಲ್ಲಿ ತಯಾರಿಸಿದರು, ಹೊಟ್ಟೆಗೆ ಹೋದ ಮೇಲೆ ಅದು ಮಾಡುವ ಕೆಲಸವೇನು ಎಂದು ಎಂದಾದರೂ ವಿಚಾರಿಸಿದ್ದೀರಾ? ಬಹುಪಾಲು ಜನ ವಿಚಾರಿಸುವುದಿಲ್ಲ. ಪಕ್ಕದ ಮನೆಯವರು ಹಾಕಿಸುತ್ತಾರೆ, ಪರಿಚಯದ ನರ್ಸಮ್ಮ ಬರಹೇಳಿದ್ದಾರೆ, ನಮಗೂ ಚಿಕ್ಕಂದಿನಲ್ಲಿ ಹಾಕಿಸಿದ್ದರು. ಇಷ್ಟೇ ಕಾರಣ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಲಸಿಕೆ ಬೇಡವೆನ್ನುವವರನ್ನು ಕಂಡಾಗ 'ತಿಳಿವಳಿಕೆ ಇಲ್ಲದವರು' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹಾಕಿಸಿಕೊಳ್ಳುವವರಿಗೂ ಲಸಿಕೆಯ ಬಗ್ಗೆ ಹೆಚ್ಚೇನೂ ತಿಳಿದಿರುವುದಿಲ್ಲ. ಇವರಿಬ್ಬರ ನಡುವಿನ ವ್ಯತ್ಯಾಸ ತಿಳಿವಳಿಕೆಯದಲ್ಲ, ಬಹುಮಟ್ಟಿಗೆ ನಂಬಿಕೆಯದು. ನಂಬಿಕೆ ಏಕೆ ಹುಟ್ಟಿತು, ಏಕೆ ಮುರಿಯಿತು ಎಂದು ನೋಡಬೇಕಾದರೆ ಆಯಾ ಊರಿನ, ಆಯಾ ಲಸಿಕೆಯ ಕಥೆಯನ್ನು ಬಿಡಿಸಿ ನೋಡಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತಿನ ಆರೋಗ್ಯಕ್ಕೆ ಎದುರಾಗಿರುವ ಹತ್ತು ಅಪಾಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಲಸಿಕೆಯ ಬಗೆಗಿನ ಹಿಂಜರಿಕೆಯೂ ಒಂದು. ಲಸಿಕೆ ದೊರೆಯುವಂತಿದ್ದರೂ ಅದನ್ನು ಪಡೆಯಲು ತಡಮಾಡುವುದು ಅಥವಾ ನಿರಾಕರಿಸುವುದು ಎಂದು ತಜ್ಞರು ಇದನ್ನು ವಿವರಿಸುತ್ತಾರೆ. 'ದೊರೆಯುವಂತಿದ್ದರೂ' ಎಂಬ ಮಾತನ್ನು ಗಮನಿಸಿ. ಹತ್ತು ಕಿಲೋಮೀಟರ್ ನಡೆದು ಹೋದರೆ ಆರೋಗ್ಯ ಕೇಂದ್ರಕ್ಕೆ ಬೀಗ ಹಾಕಿತ್ತು ಎಂದಾದರೆ ಅದು ತಾಯಿಯ ಹಿಂಜರಿಕೆಯಲ್ಲ, ಕೇಂದ್ರದ ಲೋಪ. ವರದಿಗಳಲ್ಲಿ ಇವೆರಡೂ ಒಂದೇ ಖಾನೆಗೆ ಸೇರಿಹೋಗುವುದುಂಟು.

ದಾಕು ಹಾಕುತ್ತಿದ್ದ ಕಾಲ

ಲಸಿಕೆಗೆ ವಿರೋಧ ಲಸಿಕೆಯಷ್ಟೇ ಹಳೆಯದು. ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವನ್ನು ಬಾಲಕನೊಬ್ಬನ ತೋಳಿಗೆ ಚುಚ್ಚಿ ಸಿಡುಬಿನಿಂದ ರಕ್ಷಣೆ ದೊರೆಯುವುದನ್ನು ತೋರಿಸಿದ. ಆರು ವರ್ಷಗಳಲ್ಲಿ, 1802ರ ಜೂನ್‌ನಲ್ಲಿ, ಅದು ಮುಂಬಯಿ ತಲುಪಿತು. ಮೈಸೂರಿಗೂ ಬಹುಬೇಗ ಬಂತು. ಥಾಮಸ್ ಹಿಕಿ ಎಂಬ ಕಲಾವಿದ 1805ರ ಸುಮಾರಿಗೆ ಮೈಸೂರಿನ ಮೂವರು ಅರಮನೆ ಸ್ತ್ರೀಯರ ತೈಲಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ತನ್ನ ಎಡತೋಳಿನತ್ತ ಬೆರಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ, ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗ, ಚಿತ್ರದ ಉದ್ದೇಶ ಲಸಿಕೆಯ ಪ್ರಚಾರ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಈ ವಾದ ಸರಿಯಾದರೆ, ಹೊಸ ಮದ್ದಿಗೆ ಜನರನ್ನು ಒಲಿಸಲು ಅರಮನೆಯವರೇ ಮುಂದೆ ನಿಂತ ಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಆಗ ಲಸಿಕೆಯನ್ನು ಸೀಸೆಯಲ್ಲಿ ಕಾಪಾಡುವ ಉಪಾಯ ಇರಲಿಲ್ಲ. ಒಬ್ಬ ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ತೆಗೆದು ಇನ್ನೊಂದು ಮಗುವಿಗೆ ಚುಚ್ಚಬೇಕಾಗಿತ್ತು. ಯಾರ ಮಗುವಿನ ರಸ ಯಾರಿಗೆ ಎಂಬ ಜಾತಿಯ ಪ್ರಶ್ನೆ ಎದ್ದಿತು. ಸಿಡುಬನ್ನು ಅಮ್ಮನ ಆಗಮನವೆಂದು ತಿಳಿದಿದ್ದವರಿಗೆ ಅದನ್ನು ತಡೆಯುವುದೇ ಅಪಚಾರವೆನಿಸಿತು. ಇವೆಲ್ಲ ಮೂಢನಂಬಿಕೆ ಎಂದು ಅಂದಿನ ಅಧಿಕಾರಿಗಳು ಬರೆದಿಟ್ಟರು. ಆದರೆ ತೋಳಿನಿಂದ ತೋಳಿಗೆ ರಸ ದಾಟಿಸುವಾಗ ಮೇಹರೋಗದಂತಹ ಬೇರೆ ಕಾಯಿಲೆಗಳೂ ದಾಟುತ್ತಿದ್ದುದು ನಿಜ. ದಾಕು ಹಾಕಿಸಿಕೊಂಡವರಿಗೆ ಜ್ವರ ಬಂದು, ತೋಳು ಬಾತು, ಹಲವು ದಿನಗಳ ಕೂಲಿ ತಪ್ಪುತ್ತಿದ್ದುದೂ ನಿಜ. ಇಂಗ್ಲೆಂಡಿನಲ್ಲೇ 1853ರ ಕಡ್ಡಾಯ ಲಸಿಕೆ ಕಾನೂನಿನ ವಿರುದ್ಧ ದೊಡ್ಡ ಚಳವಳಿ ನಡೆದು, 1885ರಲ್ಲಿ ಲೆಸ್ಟರ್ ನಗರದಲ್ಲಿ ಭಾರೀ ಮೆರವಣಿಗೆಯಾಯಿತು. 1898ರಲ್ಲಿ, ಮನಸ್ಸಾಕ್ಷಿಯ ಕಾರಣಕ್ಕೆ ಬೇಡವೆನ್ನುವವರಿಗೆ ವಿನಾಯಿತಿ ಕೊಡಬೇಕಾಯಿತು. ಆ ಮೆರವಣಿಗೆಯಲ್ಲಿ ನಡೆದವರು ಅಮ್ಮನಿಗೆ ಹೆದರುವವರಾಗಿರಲಿಲ್ಲ.

ಹತ್ತು ಸಲ ಹಾಕಿಸಿದರೂ ಪೋಲಿಯೋ

ಈ ವಿಷಯವನ್ನು ಅರಿಯಲು ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಿಗಿಂತ ಉತ್ತಮವಾದ ಪಾಠಶಾಲೆಯಿಲ್ಲ. ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾಯಿತು. ಬಹುತೇಕ ರಾಜ್ಯಗಳಲ್ಲಿ ರೋಗ ಬೇಗನೆ ಇಳಿಯಿತು. ಆದರೆ 2002ರಲ್ಲಿ ದೇಶದಲ್ಲಿ 1600 ಮಕ್ಕಳಿಗೆ ಪೋಲಿಯೋ ತಗುಲಿತು. ಅವರಲ್ಲಿ 1242 ಮಕ್ಕಳು ಉತ್ತರ ಪ್ರದೇಶದವರು, ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮುಸ್ಲಿಂ ಕುಟುಂಬಗಳವರು. ಮೊರಾದಾಬಾದ್ ಸುತ್ತಮುತ್ತ ಲಸಿಕೆಯ ತಂಡ ಬಂದರೆ ಬಾಗಿಲು ಮುಚ್ಚುತ್ತಿದ್ದರು. ಹನಿ ಹಾಕಿಸಿದ ಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ 'ಪಿ' ಎಂದೂ ಹಾಕಿಸದ ಮನೆಯ ಮೇಲೆ 'ಎಕ್ಸ್' ಎಂದೂ ಬರೆಯುವುದು ರೂಢಿ. ಎಕ್ಸ್ ಗುರುತಿನ ಮನೆಗಳು ಬೀದಿಬೀದಿಗಳಲ್ಲಿ ಸಾಲುಗಟ್ಟಿದವು.

ಆ ಮನೆಗಳಲ್ಲಿ ಕೇಳಿಬಂದ ಮಾತೆಂದರೆ, ಈ ಹನಿ ಮಕ್ಕಳನ್ನು ಬಂಜೆಯಾಗಿಸುತ್ತದೆ ಎಂಬುದು. ಇದು ಪೂರ್ತಿ ಸುಳ್ಳು. ಆದರೆ ಇದೇ ಸುಳ್ಳು, ಇದೇ ಸೀಮೆಯಲ್ಲಿ ಏಕೆ ಬೇರುಬಿಟ್ಟಿತು? ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಅವುಗಳಲ್ಲಿ ಅನೇಕವು ಬಲವಂತದವು. 1976ರ ಅಕ್ಟೋಬರ್‌ನಲ್ಲಿ ಮುಜಫರ್‌ನಗರದಲ್ಲಿ ಇದನ್ನು ಪ್ರತಿಭಟಿಸಿದವರ ಮೇಲೆ ಗೋಲೀಬಾರ್ ಆಯಿತು. ಅಂದು ಯುವಕನಾಗಿದ್ದವನು 2002ರಲ್ಲಿ ಅಜ್ಜ. ಸರ್ಕಾರದ ಮಂದಿ ಮನೆಬಾಗಿಲಿಗೆ ಬಂದು, ದುಡ್ಡು ಕೇಳದೆ, ಮೊಮ್ಮಗನಿಗೆ ಮದ್ದು ಕೊಡುತ್ತೇವೆ ಎಂದರೆ ಆತನಿಗೆ ಏನು ನೆನಪಾದೀತು?

ಜನ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು: 'ನಮ್ಮ ಬೀದಿಗೆ ಚರಂಡಿ ಇಲ್ಲ, ಕುಡಿಯಲು ನೀರಿಲ್ಲ, ಮಗುವಿಗೆ ಭೇದಿಯಾದರೆ ವೈದ್ಯರಿಲ್ಲ. ಯಾವುದಕ್ಕೂ ಬಾರದವರು ಈ ಎರಡು ಹನಿ ಹಿಡಿದುಕೊಂಡು ತಿಂಗಳು ತಿಂಗಳೂ ಏಕೆ ಬರುತ್ತೀರಿ?' ಈ ಲೇಖಕನಿಗೆ ಇದು ಅಜ್ಞಾನದ ಪ್ರಶ್ನೆಯಾಗಿ ತೋರುವುದಿಲ್ಲ.

ಇದಕ್ಕಿಂತ ಕಠಿಣವಾದ ಸಂಗತಿಯೊಂದಿತ್ತು. ಹತ್ತು ಸಲ ಹನಿ ಹಾಕಿಸಿಕೊಂಡ ಮಕ್ಕಳಿಗೂ ಪೋಲಿಯೋ ಬರುತ್ತಿತ್ತು. ಜನ ಹೀಗೆಂದಾಗ ಮೊದಮೊದಲು ಅದನ್ನು ಗಾಳಿಮಾತು ಎಂದವರಿದ್ದರು. 2006ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಲೆಕ್ಕಾಚಾರ ಬೇರೆಯೇ ಚಿತ್ರ ನೀಡಿತು. ಅಂದು ಬಳಸುತ್ತಿದ್ದ, ಮೂರು ಬಗೆಯ ವೈರಸ್‌ಗಳೂ ಇದ್ದ ಹನಿಯ ಒಂದು ಪ್ರಮಾಣ ಒಂದನೇ ಬಗೆಯ ಪೋಲಿಯೋ ವಿರುದ್ಧ ದೇಶದ ಉಳಿದ ಭಾಗಗಳಲ್ಲಿ ಶೇ. 21ರಷ್ಟು ರಕ್ಷಣೆ ನೀಡಿದರೆ, ಉತ್ತರ ಪ್ರದೇಶದಲ್ಲಿ ನೀಡುತ್ತಿದ್ದುದು ಸುಮಾರು ಶೇ. 9 ಮಾತ್ರ.

ಇದರ ಅರ್ಥವನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಪ್ರತಿ ಸಲವೂ 100 ಮಕ್ಕಳಲ್ಲಿ 9 ಮಕ್ಕಳಿಗೆ ಮಾತ್ರ ರಕ್ಷಣೆ ದೊರೆತರೆ 91 ಮಕ್ಕಳು ಉಳಿಯುತ್ತಾರೆ. ಮುಂದಿನ ಸಲ ಆ 91ರಲ್ಲಿ ಶೇ. 9 ಮಕ್ಕಳಿಗೆ ರಕ್ಷಣೆ. ಹೀಗೆ ಹತ್ತು ಸಲ ಮುಗಿದಾಗಲೂ 100ರಲ್ಲಿ ಸುಮಾರು 39 ಮಕ್ಕಳು ರಕ್ಷಣೆಯಿಲ್ಲದೆಯೇ ಉಳಿಯುತ್ತಾರೆ. ಶೇ. 21ರ ಲೆಕ್ಕದಲ್ಲಿ ಉಳಿಯುವವರು 9 ಅಥವಾ 10 ಮಾತ್ರ. ಬಾಯಿಯ ಮೂಲಕ ಕೊಡುವ ಹನಿಯಲ್ಲಿರುವುದು ದುರ್ಬಲಗೊಳಿಸಿದ ಸಜೀವ ವೈರಸ್. ಅದು ಕರುಳಿನಲ್ಲಿ ನೆಲೆಯೂರಿ ವೃದ್ಧಿಯಾದರೆ ಮಾತ್ರ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕಿಕ್ಕಿರಿದ ವಸತಿ, ಕೊಳಕು ನೀರು, ಪದೇ ಪದೇ ಬರುವ ಭೇದಿ ಇದ್ದಲ್ಲಿ ಮಗುವಿನ ಕರುಳಿನಲ್ಲಿ ಬೇರೆ ವೈರಸ್‌ಗಳು ಮೊದಲೇ ಬೀಡುಬಿಟ್ಟಿರುತ್ತವೆ. ಲಸಿಕೆಯ ವೈರಸ್‌ಗೆ ಜಾಗ ಸಿಗುವುದಿಲ್ಲ. ಅಂದರೆ ಚರಂಡಿ ಇಲ್ಲವೆಂದು ದೂರಿದ ತಾಯಿ ಮತ್ತು ಹನಿ ಫಲಿಸುತ್ತಿಲ್ಲವೆಂದ ತಂದೆ, ಇಬ್ಬರೂ ತಮಗರಿವಿಲ್ಲದೆಯೇ ಒಂದೇ ವೈಜ್ಞಾನಿಕ ಸತ್ಯದ ಎರಡು ತುದಿಗಳನ್ನು ಹಿಡಿದಿದ್ದರು.

ಆಮೇಲೆ ಆದದ್ದೇನು? 2005ರಿಂದ ಒಂದೇ ಬಗೆಯ ವೈರಸ್ ಇರುವ, ಹೆಚ್ಚು ಪರಿಣಾಮಕಾರಿಯಾದ ಹನಿ ಬಂತು. 2010ರಲ್ಲಿ ಎರಡು ಬಗೆಯದ್ದು ಬಂತು. ಯುನಿಸೆಫ್ ನೆರವಿನ ಜಾಲವೊಂದು ಆಯಾ ಮೊಹಲ್ಲಾದ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟಿತು. ಮಕ್ಕಳು 'ಬುಲಾವಾ ಟೋಲಿ' ಎಂಬ ಗುಂಪು ಕಟ್ಟಿಕೊಂಡು ಬೀದಿಯಲ್ಲಿ ಕರೆಯುತ್ತಾ ಹೋದರು. ಮಸೀದಿಗಳ ಇಮಾಮರು ಧ್ವನಿವರ್ಧಕದಲ್ಲಿ ದಿನಾಂಕ ಸಾರಿದರು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾದಂತಹ ಸಂಸ್ಥೆಗಳು ಕೈಜೋಡಿಸಿದವು. 2009ರಲ್ಲಿ ಉತ್ತರ ಪ್ರದೇಶದ 66 ಮತ್ತು ಬಿಹಾರದ 41 ಬ್ಲಾಕುಗಳಲ್ಲಿ ಹನಿಯ ಜೊತೆಗೆ ಭೇದಿಗೆ ಓಆರ್‌ಎಸ್ ಮತ್ತು ಸತು, ಕೈತೊಳೆಯುವ ಅಭ್ಯಾಸ, ಶೌಚ, ಶುದ್ಧ ನೀರಿನ ಕೆಲಸಗಳನ್ನೂ ಸೇರಿಸಿದರು. ಚರಂಡಿಯ ಪ್ರಶ್ನೆಗೆ ಕೊನೆಗೂ ಉತ್ತರವೊಂದು ಸಿಕ್ಕಂತಾಯಿತು. ಆ ವರ್ಷ ದೇಶದಲ್ಲಿ 741 ಪ್ರಕರಣಗಳಿದ್ದವು. ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ, 2011ರ ಜನವರಿ 13ರಂದು. ಮೂರು ವರ್ಷ ಕಾದು, 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತವೆಂದು ಪ್ರಮಾಣಪತ್ರ ದೊರೆಯಿತು.

ಕಾಗೆ ಮತ್ತು ಕೊಂಬೆ

ಎಲ್ಲ ಭಯಗಳಿಗೂ ಹೀಗೆ ಗಟ್ಟಿಯಾದ ಬೇರು ಇರುವುದಿಲ್ಲ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು ಎಂಬ ಗಾದೆ ನಿಮಗೆ ಗೊತ್ತು. ಲಸಿಕೆಯ ವಿಷಯದಲ್ಲಿ ಈ ಕಾಗೆ ಎಷ್ಟು ಸಲ ಕೂರುತ್ತದೆ ಎಂಬುದನ್ನು ಅಂದಾಜು ಮಾಡೋಣ.

2020ರ ಅಧಿಕೃತ ಅಂಕಿಅಂಶಗಳಂತೆ ನಮ್ಮಲ್ಲಿ ಹುಟ್ಟುವ 1000 ಶಿಶುಗಳಲ್ಲಿ 28 ಶಿಶುಗಳು ಮೊದಲ ವರ್ಷ ತುಂಬುವ ಮುನ್ನ ಸಾಯುತ್ತಿದ್ದವು. ಅವುಗಳಲ್ಲಿ 20 ಮೊದಲ ನಾಲ್ಕು ವಾರಗಳಲ್ಲಿ, ಉಳಿದ 8 ಆನಂತರದ ಹನ್ನೊಂದು ತಿಂಗಳುಗಳಲ್ಲಿ. ವರ್ಷಕ್ಕೆ ಸುಮಾರು 2.4 ಕೋಟಿ ಜನನಗಳೆಂದು ಇಟ್ಟುಕೊಂಡರೆ, ಆ ಹನ್ನೊಂದು ತಿಂಗಳಲ್ಲಿ ಸಾಯುವ ಶಿಶುಗಳು 1,92,000. ಇದೇ ಅವಧಿಯಲ್ಲಿ ಮಗುವಿಗೆ 6, 10, 14ನೇ ವಾರ ಮತ್ತು 9ನೇ ತಿಂಗಳಲ್ಲಿ, ಅಂದರೆ ನಾಲ್ಕು ಸಲ, ಲಸಿಕೆ ಹಾಕಿಸುತ್ತೇವೆ. ಪ್ರತಿ ಸಲದ ನಂತರದ ಎರಡು ದಿನಗಳನ್ನು ಲೆಕ್ಕಕ್ಕೆ ಹಿಡಿದರೆ ಒಟ್ಟು ಎಂಟು ದಿನ. ಸಾವುಗಳು ಎಲ್ಲ ದಿನಗಳಿಗೂ ಸಮನಾಗಿ ಹಂಚಿಹೋಗಿವೆ ಎಂದುಕೊಂಡರೆ, ವರ್ಷಕ್ಕೆ ಸುಮಾರು ನಾಲ್ಕೂವರೆ ಸಾವಿರ ಸಾವುಗಳು ಲಸಿಕೆ ಹಾಕಿಸಿದ ಎರಡು ದಿನಗಳೊಳಗೆ ಬೀಳುತ್ತವೆ. ಲಸಿಕೆಯಲ್ಲಿ ಬರೀ ನೀರಿದ್ದರೂ ಇಷ್ಟೇ! ಕಾಯಿಲೆಯ ಮಗುವಿಗೆ ಲಸಿಕೆ ಮುಂದೂಡುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ ಯಾವ ಊರಿನಲ್ಲಾದರೂ ಇಂಥದ್ದೊಂದು ನಡೆದೇ ತೀರುತ್ತದೆ. ಮಗುವನ್ನು ಕಳೆದುಕೊಂಡ ತಾಯಿಗೆ ಈ ಗಣಿತ ಹೇಳಲು ಹೋಗುವುದು ಕ್ರೂರ. ತನಿಖೆ ನಡೆಸಿ, ಕಾರಣವನ್ನು ಬಹಿರಂಗವಾಗಿ ತಿಳಿಸುವುದು ಬೇರೆ ಮಾತು.

2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ಸುಳ್ಳು ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡಿದವು. ಶಾಲೆಗಳಲ್ಲಿ ಸೂಜಿಗೆ ಹೆದರಿ ಒಂದು ಮಗು ತಲೆಸುತ್ತಿ ಬಿದ್ದರೆ ಸಾಲಿನಲ್ಲಿದ್ದ ಇನ್ನೆರಡು ಮಕ್ಕಳೂ ಬೀಳುವುದು ವೈದ್ಯರಿಗೆ ಹಳೆಯ ಅನುಭವ. ಅದರ ಚಿತ್ರ ಮೊಬೈಲಿನಲ್ಲಿ ಊರೂರು ಸುತ್ತುವುದು ಮಾತ್ರ ಹೊಸತು.

ಇಂಗ್ಲೆಂಡಿನ ಆಂಡ್ರೂ ವೇಕ್‌ಫೀಲ್ಡ್ ಪ್ರಕರಣವೂ ಕಾಗೆಯ ಕಥೆಯೇ, ಜೊತೆಗೆ ಮೋಸವೂ ಸೇರಿತ್ತು. 1998ರಲ್ಲಿ ಕೇವಲ 12 ಮಕ್ಕಳನ್ನು ಆಧರಿಸಿದ ಆತನ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ದಡಾರ, ಮಂಗಬಾವು, ರುಬೆಲ್ಲಾ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಶಂಕೆ ಅದರಿಂದ ಹಬ್ಬಿತು. ಆಟಿಸಂ ಲಕ್ಷಣಗಳು ಪೋಷಕರ ಕಣ್ಣಿಗೆ ಬೀಳುವ ವಯಸ್ಸೂ ಈ ಲಸಿಕೆಯ ವಯಸ್ಸೂ ಹತ್ತಿರ ಹತ್ತಿರ. ಬ್ರಿಟನ್ನಿನಲ್ಲಿ ಲಸಿಕೆ ಪಡೆಯುವವರ ಪ್ರಮಾಣ ಶೇ. 80ರ ಆಸುಪಾಸಿಗೆ ಇಳಿಯಿತು. ದಡಾರ ಹರಡದಂತೆ ತಡೆಯಲು ಶೇ. 95 ಬೇಕು. ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು, ಲೇಖಕನ ವೈದ್ಯ ಪರವಾನಗಿಯೂ ಹೋಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಯಿಂದ ಆಟಿಸಂ ಹೆಚ್ಚಿದ್ದು ಕಂಡುಬರಲಿಲ್ಲ. ಆದರೂ ಆ ಭಯ ಇನ್ನೂ ಸತ್ತಿಲ್ಲ.

ಲಸಿಕೆಗೆ ಅಡ್ಡಪರಿಣಾಮವೇ ಇಲ್ಲವೆಂದು ಹೇಳುವುದೂ ಸುಳ್ಳೇ. ಬಾಯಿಯ ಮೂಲಕ ಕೊಡುವ ಪೋಲಿಯೋ ಹನಿಯಿಂದಲೇ, ಹತ್ತಾರು ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಎಂಬಷ್ಟು ಅಪರೂಪವಾಗಿ, ಪಾರ್ಶ್ವವಾಯು ಉಂಟಾಗಬಹುದು. ನಮ್ಮ ದೇಶದಲ್ಲಿ 2015ರ ಕೊನೆಯಿಂದ ನಿರ್ಜೀವ ವೈರಸ್ಸಿನ ಚುಚ್ಚುಮದ್ದನ್ನೂ ಸೇರಿಸಿದ್ದಕ್ಕೆ ಇದೂ ಒಂದು ಕಾರಣ. ಇದನ್ನು ಮುಚ್ಚಿಟ್ಟು, ಮುಂದೊಂದು ದಿನ ಬೇರೆ ಯಾರಿಂದಲೋ ಪೋಷಕರು ತಿಳಿದುಕೊಂಡರೆ, ಆನಂತರ ನಾವು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ. 2021ರ ಜನವರಿಯಲ್ಲಿ ಮೂರನೇ ಹಂತದ ಫಲಿತಾಂಶ ಕೈಸೇರುವ ಮೊದಲೇ ಕೋವ್ಯಾಕ್ಸಿನ್‌ಗೆ ಅನುಮತಿ ಕೊಟ್ಟಾಗ ಆಸ್ಪತ್ರೆಗಳ ಸಿಬ್ಬಂದಿಯಲ್ಲೇ ಅನೇಕರು ಹಿಂದೆ ಸರಿದರು. ಅವರು ಓದಿಲ್ಲದವರಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಎರಡನೇ ಅಲೆ ಅಪ್ಪಳಿಸಿದಾಗ ಅದೇ ಲಸಿಕೆಗೆ ನಸುಕಿನಿಂದಲೇ ಸಾಲು ನಿಂತಿತು.

ಮಲೆನಾಡಿನ ನೋವಿನ ಚುಚ್ಚುಮದ್ದು

ದೂರದ ಮಾತು ಸಾಕು, ನಮ್ಮ ಮಲೆನಾಡಿಗೆ ಬರೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನರಿಗೂ ವಿಚಿತ್ರ ಜ್ವರ ಬಂತು. ಅದೇ ಮಂಗನ ಕಾಯಿಲೆ. ಉಣುಗು ಕಚ್ಚುವುದರಿಂದ ವೈರಸ್ ದೇಹ ಸೇರುತ್ತದೆ. ಸೌದೆ, ದರಗು ತರಲು, ದನ ಮೇಯಿಸಲು ಕಾಡಿಗೆ ಹೋಗುವವರೇ ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ.

1990ರಿಂದ ಇದಕ್ಕೆ ಲಸಿಕೆ ಕೊಡುತ್ತಾ ಬಂದರು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಲ್ಲಿ ಮತ್ತೊಂದು, ಆಮೇಲೆ ವರ್ಷ ವರ್ಷವೂ. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಅಡಿಕೆ ಕೊಯ್ಲು, ಗದ್ದೆ ಕೆಲಸದ ದಿನಗಳಲ್ಲಿ ತೋಳೆತ್ತಲಾಗದಿದ್ದರೆ ಕೂಲಿಯವರ ಗತಿಯೇನು? ಎರಡನೆಯದಕ್ಕೆ ಬರುವವರು ಕಡಿಮೆಯಾದರು, ವರ್ಷದ ಚುಚ್ಚುಮದ್ದಿಗಂತೂ ಇನ್ನೂ ಕಡಿಮೆ. ಜನರ ಅಸಡ್ಡೆ ಎಂದು ಇದನ್ನು ದೂರುವುದು ಸುಲಭ. ಆದರೆ 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಇದು: ಒಂದೇ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ಎರಡು ಪಡೆದವರಿಗೆ ಶೇ. 62.4, ಅದರ ಮೇಲೆ ಇನ್ನೊಂದು ಪಡೆದವರಿಗೆ ಶೇ. 82.9 ರಕ್ಷಣೆ. ಅಂದರೆ ನೋವು ತಾಳಿಕೊಂಡು ಎರಡು ಸಲ ಹಾಕಿಸಿಕೊಂಡರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಪಾಯ ಉಳಿದೇ ಇತ್ತು. 'ಹಾಕಿಸಿಕೊಂಡವನಿಗೂ ಬಂತು' ಎಂದು ಊರಿನಲ್ಲಿ ಆಡಿಕೊಂಡ ಮಾತು, ಉತ್ತರ ಪ್ರದೇಶದ ಮಾತಿನ ಹಾಗೆಯೇ, ಗಾಳಿಮಾತಾಗಿರಲಿಲ್ಲ.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಕಾಯಿಲೆ ಹಬ್ಬಿ ಸಾವುಗಳಾದಾಗ ಜನ ಲಸಿಕೆಗೆ ಮುಗಿಬಿದ್ದರು. ಆದರೆ ಮೊದಲ ಚುಚ್ಚುಮದ್ದಿನಿಂದ ರಕ್ಷಣೆ ಬರುವಷ್ಟರಲ್ಲಿ ಋತುವೇ ಮುಗಿಯುತ್ತ ಬಂದಿರುತ್ತದೆ. ಕಾಯಿಲೆ ಡಿಸೆಂಬರಿನಿಂದ ಮೇವರೆಗಿನದು, ಲಸಿಕೆ ಮಳೆಗಾಲದಲ್ಲೇ ಆರಂಭವಾಗಬೇಕು. ಮಳೆಗಾಲದಲ್ಲಿ ಮಂಗನ ಕಾಯಿಲೆಯನ್ನು ಯಾರು ನೆನೆಯುತ್ತಾರೆ? ಕಣ್ಣಿಗೆ ಕಾಣದ ರೋಗದ ಮುಂದೆ ಕಣ್ಣಿಗೆ ಕಾಣುವ ಸೂಜಿ ಯಾವಾಗಲೂ ದೊಡ್ಡದು.

ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು 2022ರಲ್ಲಿ ಈ ಲಸಿಕೆಯನ್ನು ನಿಲ್ಲಿಸಲಾಯಿತು. ಹೊಸದೊಂದನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡಿದೆ. ಅದು ಊರಿಗೆ ಬಂದ ದಿನ ಮೂವತ್ತು ವರ್ಷ ಹಳೆಯದನ್ನು ಕಂಡ ಜನ ಕೆಲವು ಪ್ರಶ್ನೆ ಕೇಳುತ್ತಾರೆ. ಎಷ್ಟು ಸಲ ಹಾಕಿಸಬೇಕು? ಎಷ್ಟು ದಿನ ನೋಯುತ್ತದೆ? ನೂರು ಜನರಲ್ಲಿ ಎಷ್ಟು ಜನರನ್ನು ಕಾಪಾಡುತ್ತದೆ? ಹಾಕಿಸಿಕೊಂಡ ಮೇಲೂ ಮಲಗಿದರೆ ಆಸ್ಪತ್ರೆಯ ಖರ್ಚು ಯಾರದು? ಲಸಿಕೆಯ ಪೆಟ್ಟಿಗೆ ಹೊತ್ತು ಹೋಗುವ ಆಶಾ ಕಾರ್ಯಕರ್ತೆಗೆ ಈ ನಾಲ್ಕಕ್ಕೂ ಉತ್ತರ ಮೊದಲೇ ಗೊತ್ತಿರಬೇಕು. ಅಲ್ಲಿಯವರೆಗೆ ಕಾಡಿಗೆ ಹೋಗುವ ಮುನ್ನ ಕೈಕಾಲುಗಳಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸವರಿಕೊಳ್ಳುವುದು, ಮೈತುಂಬ ಬಟ್ಟೆ ಹಾಕುವುದು, ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು ಮೈಮೇಲೆ ಉಣುಗು ಇದೆಯೇ ಎಂದು ನೋಡಿಕೊಳ್ಳುವುದು, ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಇವೇ ದಾರಿ.